ಮೈಕ್ ಸೆಟ್ಟಿನ ಗವಸು

ಮಳವಳ್ಳಿಯ ನಜೀರ್ ಅಹ್ಮದನ ಮನೆಯಲ್ಲಿ ತೂತಿಲ್ಲದ ಬಟ್ಟೆ ಇರಲಿಲ್ಲ. ಹೊದೆಯುವ ಚಾದರಕ್ಕೆ ತೂತು, ಕೈ ಒರೆಸುವ ಚೌಕಕ್ಕೆ ತೂತು, ಹೆಂಡತಿ ಬಷೀರುನ್ನೀಸಾ ತಲೆಗೆ ಹೊದ್ದುಕೊಳ್ಳುವ ಸೆರಗಿಗೂ ತೂತು. ಅದು ಇಲಿಯ ಕೆಲಸವಲ್ಲ, ನಜೀರನ ಮೈಕ್ ಸೆಟ್ಟಿನ ಬ್ಯಾಟರಿಯದು. ಬ್ಯಾಟರಿಯೊಳಗಿನ ಆಸಿಡ್ಡು ಹನಿಯಾಗಿ ಬಟ್ಟೆಗೆ ಬಿದ್ದಾಗ ಏನೂ ಕಾಣುವುದಿಲ್ಲ; ನೀರಿನ ಹಾಗೆ ಆರಿಹೋಗುತ್ತದೆ. ಆಮೇಲೆ ಯಾವತ್ತೋ ಒಗೆದು ಹಿಂಡುವಾಗ ಆ ಜಾಗ ಕೊಳೆತ ಎಲೆಯಂತೆ ಬಿಟ್ಟುಕೊಳ್ಳುತ್ತದೆ. ಒಗೆಯುವವಳು ಬಷೀರುನ್ನೀಸಾ ಆದ್ದರಿಂದ ಪ್ರತಿಯೊಂದು ತೂತೂ ಅವಳ ಕೈಯಲ್ಲೇ ಹುಟ್ಟಿತು. “ಅದೆಷ್ಟು ಜೋರಾಗಿ ಹಿಂಡ್ತೀಯೇ?” ಎಂದು ನಜೀರ್ ಮೊದಮೊದಲು ಬೈಯುತ್ತಿದ್ದ.

ಗ್ಯಾಸ್ ಲೈಟು ಬಾಡಿಗೆಗೆ ಕೊಡುತ್ತಿದ್ದವನು ಅವನು. ಎರಡನೆಯ ಮಹಾಯುದ್ಧ ಶುರುವಾಗುವ ಹೊತ್ತಿಗೆ ಬೆಂಗಳೂರಿನಿಂದ ಮೈಕ್ ಸೆಟ್ಟು ತಂದ. ಮದುವೆ, ನಾಟಕ, ಕಾಂಗ್ರೆಸ್ಸಿನವರ ಭಾಷಣ, ಎಲ್ಲದಕ್ಕೂ ಅವನನ್ನೇ ಕರೆಯುತ್ತಿದ್ದರು. ಜನ ನೋಡುತ್ತಿದ್ದುದು ಬಿದಿರು ಗಳದ ತುದಿಯಲ್ಲಿನ ಎರಡು ತುತ್ತೂರಿಗಳನ್ನು, ಮೇಜಿನ ಮೇಲೆ ದನಿ ಜೋರು ಮಾಡುವ ಪೆಟ್ಟಿಗೆಯನ್ನು, ಅದರ ಪಕ್ಕ ತಿರುಪುಳಿ ಹಿಡಿದು ಠೀವಿಯಿಂದ ನಿಂತ ನಜೀರನನ್ನು.

ಬಷೀರುನ್ನೀಸಾ ನೋಡುತ್ತಿದ್ದ ಮೈಕ್ ಸೆಟ್ಟೇ ಬೇರೆ. ತಂತಿ ಬೆಸೆಯುವ ಕಬ್ಬಿಣ ಅವಳ ಒಲೆಯಲ್ಲಿ ಕಾಯುತ್ತಿತ್ತು. ಅದು ಕೆಂಪಾಗುವವರೆಗೆ ರೊಟ್ಟಿಯ ಹೆಂಚು ಕೆಳಗಿಳಿಯಬೇಕು. ತುತ್ತೂರಿ ಬಿಗಿಯುವ ಹಗ್ಗ ಅವಳ ಬಾವಿಯ ಹಗ್ಗ. ಮೈಕಿನೊಳಗೆ ತುಂಬಿದ ಇದ್ದಿಲ ಕಾಳು ತೇವಕ್ಕೆ ಗಂಟು ಕಟ್ಟಿದರೆ ದನಿ ಸತ್ತುಹೋಗುತ್ತದೆಂದು, ಮೈಕು ಒಲೆಯ ಮೇಲಿನ ಗೂಡಿನಲ್ಲಿ ಬೆಚ್ಚಗೆ ಕೂತಿತು. ಅಲ್ಲಿದ್ದ ಉಪ್ಪಿನ ಜಾಡಿ ನೆಲಕ್ಕಿಳಿದು ನೀರೊಡೆಯಿತು. ಬ್ಯಾಟರಿಗೆ ಬಾವಿಯ ನೀರು ಆಗದು, ಮಳೆಯ ನೀರೇ ಬೇಕು. ಮೋಡ ಕವಿದಾಗ ಕೇರಿಯ ಹೆಂಗಸರು ಒಣಹಾಕಿದ ಬಟ್ಟೆ ಎತ್ತಲು ಓಡಿದರೆ ಇವಳು ಪಿಂಗಾಣಿ ಜಾಡಿ ಹಿಡಿದು ಅಂಗಳಕ್ಕೆ ಓಡುತ್ತಿದ್ದಳು.

“ಸೆಟ್ಟು ನಂದು” ಎಂದು ನಜೀರ್ ಊರಿಗೆಲ್ಲ ಹೇಳುತ್ತಿದ್ದ. ಒಲೆ, ಹಗ್ಗ, ಜಾಡಿ ಯಾರವು ಎಂದು ಯಾರೂ ಕೇಳಿರಲಿಲ್ಲ.

ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಕಿಟಕಿಯ ಕೆಳಗಿನ ಒಂದು ಹಲಗೆ. ಮಳೆ ಬಂದರೆ ಸೋರದ ಮೂಲೆ ಅದೊಂದೇ. ಹಲಗೆಯ ಮೇಲೆ ತವರಿನಿಂದ ಬಂದ ಕೈ ಮಿಷನ್ನು. ಗಂಡಸು ದರ್ಜಿಗೆ ಅಳತೆ ಕೊಡಲು ನಾಚುವ ಹೆಂಗಸರು ಕುಪ್ಪಸ, ಲಂಗ ಹೊಲಿಸಲು ಇವಳ ಹತ್ತಿರವೇ ಬರುತ್ತಿದ್ದರು. ಯುದ್ಧದ ಅಭಾವಕ್ಕೆ ಬಟ್ಟೆಯೂ ಕಂಟ್ರೋಲಿಗೆ, ರೇಷನ್ ಚೀಟಿಗೆ ಬಂದ ಮೇಲೆ ಅವಳ ಕೆಲಸಕ್ಕೆ ಹೆದರಿಕೆಯೂ ಸೇರಿಕೊಂಡಿತು. ಚೀಟಿ ಹಿಡಿದು ಸಾಲಿನಲ್ಲಿ ನಿಂತು ತಂದ ಬಟ್ಟೆ. ಕೆಟ್ಟರೆ ಇನ್ನೊಂದು ಸಿಕ್ಕುವುದಿಲ್ಲ. ಕತ್ತರಿಸಿ ಉಳಿದ ಚೂರುಗಳನ್ನೂ ಗಂಟು ಕಟ್ಟಿ ಹಿಂದಿರುಗಿಸುತ್ತಿದ್ದಳು. ಬಷೀರುನ್ನೀಸಾಳ ಕೈಗೆ ಹೋದ ಬಟ್ಟೆ ಬೆರಳಗಲವೂ ಕಡಿಮೆಯಾಗದು ಎಂದು ಊರಲ್ಲಿ ಮಾತಿತ್ತು. ಅವಳ ಹಲಗೆ ನಿಂತಿದ್ದುದು ಆ ಮಾತಿನ ಮೇಲೆ.

ಅವಳ ಪಾಲಿಗೆ ಬಂದ ಬಿಳಿ ಲಾಂಗ್‌ಕ್ಲಾತು ಮಾತ್ರ ಅವಳ ಮೈಗೆ ಬರಲಿಲ್ಲ. ಒಂದು ಲಂಗಕ್ಕೆಂದು ಎತ್ತಿಟ್ಟಿದ್ದಳು. “ಮಂಡ್ಯದ ಸೆಟ್ಟಿನವನು ಪೆಟ್ಟಿಗೆಗೆ ಗವಸು ಹಾಕಿದಾನೆ. ನಂದು ಬರೀ ಮೈಯಲ್ಲಿ ಹೋದರೆ ಮರ್ಯಾದೆ ಏನುಳೀತು?” ಎಂದ ನಜೀರ್. ಅವಳೇ ಗವಸು ಹೊಲಿದಳು. ಅವನು ಸೀಮೆಸುಣ್ಣದಲ್ಲಿ ಬರೆದುಕೊಟ್ಟ ‘ನಜೀರ್ ಮೈಕ್ ಸೆಟ್, ಮಳವಳ್ಳಿ’ ಎಂಬ ಅಕ್ಷರಗಳ ಮೇಲೆ ಅವಳೇ ಕೆಂಪು ದಾರ ಓಡಿಸಿದಳು. ಅವಳು ಉಡುವ ಲಂಗ ತೂತಿನದೇ ಉಳಿಯಿತು.

ಯುದ್ಧ ಮುಗಿದರೂ ಬಟ್ಟೆಯ ಚೀಟಿ ಮುಗಿದಿರಲಿಲ್ಲ. ಆ ವೈಶಾಖದಲ್ಲಿ ಕೋಟೆ ಬೀದಿಯ ಮೇಷ್ಟ್ರು ರಾಮಾನುಜ ಅಯ್ಯಂಗಾರರ ಮಗಳು ಕನಕಲಕ್ಷ್ಮಿಗೆ ಮದುವೆ ಗೊತ್ತಾಯಿತು. ಚಪ್ಪರಕ್ಕೆ ನಜೀರನ ಮೈಕು. ಹುಡುಗಿಯ ಮೂರು ಒಳಲಂಗಗಳಿಗೆ ಬಷೀರುನ್ನೀಸಾಳ ಹೊಲಿಗೆ. ಮೇಷ್ಟ್ರ ಹೆಂಡತಿ ರಂಗನಾಯಕಿ ಮನೆಮಂದಿಯ ಚೀಟಿಯನ್ನೆಲ್ಲ ಒಟ್ಟುಮಾಡಿ ತಂದ ಲಾಂಗ್‌ಕ್ಲಾತನ್ನು ಕೊಟ್ಟು, “ಜೋಪಾನ ಕಣೇ, ಇದು ಬಿಟ್ರೆ ಇನ್ನಿಲ್ಲ” ಎಂದಿದ್ದರು.

ಮರುದಿನ ಬಟ್ಟೆ ಕೊಡಬೇಕು ಎನ್ನುವಾಗ ಬ್ಯಾಟರಿ ಬಂತು. ಮದ್ದೂರಿನ ಗಿರಣಿಯಲ್ಲಿ ಚಾರ್ಜು ಮಾಡಿಸಿ, ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸಿನ ಮೇಲೆ ಹಾಕಿ ತರಿಸಿದ್ದು. ಬಸ್ ಸ್ಟ್ಯಾಂಡಿನ ಕೂಲಿ ಪುಟ್ಟಮಾದಯ್ಯ ಅದನ್ನು ಹೆಗಲ ಮೇಲೆ ಹೊತ್ತು ಒಳಗೆ ಬಂದ. ಹೊರಗೆ ಮಳೆ ಸುರಿಯುತ್ತಿತ್ತು.

“ಇದೇನ್ ಸಾಬ್ರೇ, ಇದ್ರೊಳಗೆ ನೀರು ಅಂತೀರಾ, ಯೆಗಲೆಲ್ಲಾ ಚುರುಗುಟ್ತದೆ! ಎಲ್ ಮಡಗ್ಲಿ ಬಿರ್ನೆ ಯೇಳಿ.”

“ನೆಲ ಒದ್ದೆ. ಆ ಹಲಗೆ ಮೇಲೆ ಇಡು.”

“ಬಟ್ಟೆ ಅವೆ ಕಣ್ರೀ ಇಲ್ಲಿ.”

“ಸರಿಸಿಬಿಟ್ಟು ಇಡಯ್ಯ.”

ಪುಟ್ಟಮಾದಯ್ಯ ಒದ್ದೆ ಕೈಯಲ್ಲೇ ಬಟ್ಟೆ ಸರಿಸಿ, ಬ್ಯಾಟರಿ ಇಟ್ಟು, ಹೆಗಲು ಉಜ್ಜಿಕೊಳ್ಳುತ್ತ ಹೋದ. ಬಷೀರುನ್ನೀಸಾ ಆಗ ಅಂಗಳದಲ್ಲಿ ಜಾಡಿ ಹಿಡಿದು ಅದೇ ಬ್ಯಾಟರಿಗೆ ಮಳೆನೀರು ಕೂಡಿಸುತ್ತಿದ್ದಳು.

ಒಳಗೆ ಬಂದವಳು ಜಾಡಿಯನ್ನು ಎಲ್ಲಿಟ್ಟಳೋ ಅವಳಿಗೇ ತಿಳಿಯಲಿಲ್ಲ. ಬ್ಯಾಟರಿಯನ್ನು ತಾನೇ ತಬ್ಬಿ ನೆಲಕ್ಕಿಳಿಸಿದಳು. ಬಟ್ಟೆ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದಳು. ಬಿಳಿ ಬಿಳಿಯಾಗಿಯೇ ಇತ್ತು. ಅದೇ ಅವಳಿಗೆ ದಿಗಿಲು. ಆಮೇಲೆ ಮಡಿಕೆ ಮಡಿಕೆಯನ್ನೂ ನಾಲಿಗೆಯ ತುದಿಗೆ ಮುಟ್ಟಿಸುತ್ತ ಹೋದಳು. ಗಂಜಿಯ ಚಪ್ಪೆ, ಮತ್ತೆ ಗಂಜಿಯ ಚಪ್ಪೆ. ಹಲಗೆಯ ಅಂಚಿಗೆ ಸರಿಸಿದ್ದ ಮೂರನೆಯ ಲಂಗದ ಬಟ್ಟೆಗೆ ಬಂದಾಗ ನಾಲಿಗೆ ಹುಣಸೆಕಾಯಿ ಕಚ್ಚಿದಂತಾಯಿತು. ಥೂ ಎಂದು ಉಗಿದು ಇನ್ನೊಂದು ಮಡಿಕೆ ಮುಟ್ಟಿಸಿದಳು. ಅಲ್ಲೂ ಹುಳಿ.

“ಇದನ್ನ ಒಗೀಬೇಕು. ಈಗಲೇ, ಒಗೆಯೋ ಸೋಡಾ ಹಾಕಿ. ಆಸಿಡ್ಡು ಸಾಯೋದು ಸೋಡಾಕ್ಕೇ.”

“ಹುಚ್ಚಾ ನಿಂಗೆ?” ಎಂದ ನಜೀರ್. “ಹೊಸ ಬಟ್ಟೆ ಒಗೆದು ಕೊಟ್ಟರೆ ಏನಾಯ್ತು ಅಂತ ಅವರು ಕೇಳಲ್ವಾ? ಕಲೆ ಏನಾದರೂ ಕಾಣ್ತಾ ಇದೆಯಾ? ಇಲ್ಲ. ಹೊಲಿದು, ಮಡಿಸಿ, ಕೊಟ್ಟುಬಿಡು. ಮದುವೆಗೆ ನಂದೂ ಸೆಟ್ಟು ಗೊತ್ತಾಗಿದೆ, ಜಗಳ ಎಬ್ಬಿಸಬೇಡ. ಹುಡುಗಿ ಗಂಡನ ಮನೆಗೆ ಹೋಗಿ ಎಂದೋ ಒಗೆಸಿದಾಗ ಹರಿದರೆ, ಒಗೆದೋಳು ಬೈಸಿಕೊಳ್ತಾಳೆ.”

ಒಗೆದೋಳು ಬೈಸಿಕೊಳ್ತಾಳೆ. ಬಷೀರುನ್ನೀಸಾ ಅಡುಗೆಮನೆಗೆ ಹೋದಳು, ಬರಿಗೈಯಲ್ಲಿ ವಾಪಸ್ಸು ಬಂದಳು. ಮಿಷನ್ನಿನ ಮುಂದೆ ಕೂತಳು, ಎದ್ದಳು. ಒಲೆಯ ಮೇಲೆ ಬೇಳೆ ಉಕ್ಕಿ ಉರಿಯ ಮೇಲೆ ಬಿದ್ದು ಚುಂಯ್ ಎಂದರೂ ಅತ್ತ ನೋಡಲಿಲ್ಲ. ಹೇಳಲೋ ಬೇಡವೋ ಎಂದು ಅವಳು ತೂಗುತ್ತಿದ್ದದ್ದು ಬಟ್ಟೆಯ ಮಾತಲ್ಲ. ಅದು ಬೇರೆಯೇ ಮಾತು, ಗಂಡನಿಗೆ ಇಷ್ಟು ವರ್ಷ ಹೇಳದೆ ನುಂಗಿಕೊಂಡಿದ್ದು.

“ಎಂದೋ ಅಲ್ಲ,” ಎಂದಳು ಕೊನೆಗೆ. “ನಾಳೇನೇ ನೀರಿಗೆ ಹಾಕ್ತಾರೆ.”

“ಯಾರು?”

“ಅಮ್ಮಾವ್ರು. ನಾನು ಹೊಲಿದು ಕೊಟ್ಟಿದ್ದನ್ನೆಲ್ಲ ಹಿತ್ತಲ ತಪ್ಪಲೇಲಿ ಅದ್ದಿ, ಹಿಂಡಿ, ಒಣಗಿಸಿ, ಆಮೇಲೆ ಒಳಗೆ ತಗೊಳ್ತಾರೆ. ಯಾವಾಗಲೂ ಹಾಗೇನೇ.”

ಒಮ್ಮೆ ಅಳತೆ ಟೇಪು ಮರೆತು ಹಿಂದಿರುಗಿದಾಗ ಅವಳು ಅದನ್ನು ಕಂಡಿದ್ದಳು. ರಂಗನಾಯಕಿಯ ಕೈ ನೀರಲ್ಲೇ ನಿಂತಿತ್ತು. ಅಂದಿನಿಂದ ಬಷೀರುನ್ನೀಸಾ ಬಟ್ಟೆ ಇಟ್ಟ ಕೂಡಲೇ ಬೇಗ ಹೊರಟುಬಿಡುತ್ತಿದ್ದಳು. ಅವಳು ಬೀದಿಯ ತಿರುವು ದಾಟುವವರೆಗೆ ರಂಗನಾಯಕಿ ಕಾಯುತ್ತಿದ್ದರು.

ನಜೀರನ ಮುಖ ಕೆಂಪಾಯಿತು. “ನೀನು ಮುಟ್ಟಿದ್ದಕ್ಕಾ ನೀರಿಗೆ ಹಾಕೋದು? ಅಂಥವರ ಬಟ್ಟೆ ಹೊಲಿಯೋದಕ್ಕೆ ನನ್ನ ಮನೆ ಹೆಂಗಸೇ ಬೇಕಾ? ಕೊಡು ಇಲ್ಲಿ, ಅವರ ಬಾಗಿಲಿಗೇ ಬಿಸಾಡಿ ಬರ್ತೀನಿ. ನನಗೂ ಮಾನ ಇದೆ!”

“ಇಷ್ಟು ಹೊತ್ತು ಎಲ್ಲಿತ್ತು ಅದು?” ಎಂದಳು ಬಷೀರುನ್ನೀಸಾ. “ಅವರು ನಾನು ಮುಟ್ಟಿದ್ದರ ಮೇಲೆ ನೀರು ಹಾಕಿದರು. ನೀವು ಆಸಿಡ್ಡು ಹಾಕಿದಿರಿ.”

ಅವಳು ಬಟ್ಟೆಯನ್ನೆಲ್ಲ ಹೊತ್ತು ಹಿತ್ತಲಿಗೆ ಹೋದಳು.

ಸೋಡಾ ಕದಡಿದ ನೀರಿನಲ್ಲಿ ಎರಡು ಲಂಗದ ಬಟ್ಟೆ ಗಟ್ಟಿಯಾಗಿಯೇ ಎದ್ದುಬಂತು. ಮೂರನೆಯದನ್ನು ಹಿಂಡುವಾಗ ಬೆರಳು ಒಳಕ್ಕೆ ಹೋಯಿತು. ಬಿಚ್ಚಿ ನೋಡಿದಳು. ಮಡಿಕೆಯ ಉದ್ದಕ್ಕೂ ತೂತುಗಳು, ಜರಡಿ ಹಿಡಿದ ಹಾಗೆ. ತೇಪೆ ಹಾಕುವ ಮಾತೇ ಇಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದವಳ ಕಣ್ಣು ಮೂಲೆಯಲ್ಲಿದ್ದ ಪೆಟ್ಟಿಗೆಯ ಮೇಲೆ ನಿಂತಿತು. ಅದೇ ಅಂಗಡಿಯ ಅದೇ ಬಿಳಿ ಲಾಂಗ್‌ಕ್ಲಾತು ಪೆಟ್ಟಿಗೆಯ ಸುತ್ತ ನೆರಿಗೆ ನೆರಿಗೆಯಾಗಿ ಇಳಿಬಿದ್ದಿತ್ತು. ಮನೆಯಲ್ಲಿ ಆಸಿಡ್ಡು ತಾಗದಂತೆ ನಜೀರ್ ಕಾಪಾಡಿದ ಬಟ್ಟೆ ಅದೊಂದೇ.

“ಅದಕ್ಕೆ ಕೈ ಹಾಕಬೇಡ,” ಎಂದ ನಜೀರ್, ಅವಳ ಕಣ್ಣು ಹೋದ ಕಡೆ ನೋಡಿ.

ಅವಳು ಕತ್ತರಿ ತೆಗೆದುಕೊಂಡಳು.

“ಮದುವೆ ಮನೆಗೆ ಸೆಟ್ಟು ಬರೀ ಮೈಯಲ್ಲಿ ಹೋಗಬೇಕಾ?”

“ಹೋಗಲಿ. ನಾನು ತೂತಿನ ಲಂಗದಲ್ಲಿ ಬಾವಿಗೆ ಹೋಗ್ತಾ ಇಲ್ವಾ?”

“ನನ್ನ ಪೆಟ್ಟಿಗೆ ಗವಸು ಆ ಹುಡುಗಿ ಲಂಗ ಆಗೋದು, ನಾನು ಅದೇ ಚಪ್ಪರದಲ್ಲಿ ನಿಂತು ರೆಕಾರ್ಡು ಹಾಕೋದು! ಯಾ ಅಲ್ಲಾ!”

“ನೀವು ರೆಕಾರ್ಡು ನೋಡಿ. ಲಂಗ ನೋಡಬೇಡಿ.”

ಕಸೂತಿ ಇದ್ದ ತುಂಡನ್ನು ಚೌಕವಾಗಿ ಕತ್ತರಿಸಿ ಅವನ ಕೈಗಿಟ್ಟಳು. “ತಗೊಳ್ಳಿ, ನಿಮ್ಮ ಹೆಸರು.” ಉಳಿದದ್ದನ್ನು ಸೋಡಾದಲ್ಲಿ ಒಗೆದು, ಮಳೆ ನಿಂತ ಮೇಲೆ ಗಾಳಿಗೆ ಹರವಿದಳು. ಬೆಳಗಾಗುತ್ತಲೇ ಮಿಷನ್ನಿನ ಕೈ ತಿರುಗಿಸತೊಡಗಿದಳು. ಹೊಲಿಗೆ ನೆಟ್ಟಗೇ ಓಡಿತು. ಮನಸ್ಸು ಮಾತ್ರ ಕೋಟೆ ಬೀದಿಗೂ ಹಲಗೆಗೂ ನಡುವೆ ಓಡಾಡುತ್ತಿತ್ತು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಚೂರುಗಳನ್ನೂ ಹಿಂದಿರುಗಿಸುವವಳು ಆ ತೂತಿನ ಬಟ್ಟೆಯನ್ನು ಎಲ್ಲಿ ಬಚ್ಚಿಡುವುದು?

ಮಧ್ಯಾಹ್ನ ಬುರ್ಖಾ ಹೊದ್ದು ಮೇಷ್ಟ್ರ ಮನೆಯ ಹಿತ್ತಲ ಬಾಗಿಲಿಗೆ ಹೋದಳು.

“ಬಂದ್ಯಾ ಬಷೀರುನ್ನೀಸಾ? ಅಲ್ಲೇ ಕಟ್ಟೆ ಮೇಲೆ ಇಡೇ,” ಎಂದರು ರಂಗನಾಯಕಿ.

ಇಟ್ಟಳು. ಪಕ್ಕದಲ್ಲಿ ಜರಡಿಯಾದ ಬಟ್ಟೆಯನ್ನೂ ಇಟ್ಟಳು. “ಮೂರು ಲಂಗ ಆಗಿದೆ. ಒಂದರ ಬಟ್ಟೆ ನಿಮ್ಮದಲ್ಲ. ನಿಮ್ಮದರ ಮೇಲೆ ನಮ್ಮ ಮನೇಲಿ ಬ್ಯಾಟ್ರಿ ಆಸಿಡ್ಡು ಬಿತ್ತು. ನನ್ನ ಬಟ್ಟೆ ಹಾಕಿ ಹೊಲಿದಿದೀನಿ.”

ರಂಗನಾಯಕಿ ತೂತುಗಳನ್ನು ನೋಡಿದರು. ಬಾಯಿಗೆ ಬಂದ ಮೊದಲ ಮಾತು ಬೈಗುಳವಾಗಿರಲಿಲ್ಲ. “ನಿನ್ನ ಬಟ್ಟೆ ಅಂದ್ರೆ… ಯಾರಾದ್ರೂ ಉಟ್ಟಿದ್ದಾ?”

“ಹೆಂಗಸರು ಯಾರೂ ಉಟ್ಟಿಲ್ಲ ಅಮ್ಮಾವ್ರೇ. ಮೈಕು ಉಟ್ಟಿತ್ತು.”

ಬಾಗಿಲ ಹಿಂದೆ ನಿಂತಿದ್ದ ಕನಕಲಕ್ಷ್ಮಿ ಕಿಸಕ್ಕನೆ ನಕ್ಕಳು. “ನಗ್ಬೇಡ್ವೇ, ಮದುವೆ ಹೆಣ್ಣು!” ಎಂದು ಗದರಿದ ರಂಗನಾಯಕಿ ಮತ್ತೆ ಲಂಗ ನೋಡಿದರು. “ಇದೇನು, ಗಂಜೀನೇ ಇಲ್ಲ. ಹೊಸ ಬಟ್ಟೇನ ಒಗೆದುಬಿಟ್ಯಾ?”

“ಎಲ್ಲಾನೂ ಒಗೆದೆ. ನೀವು ಹೇಗೂ ನೀರಿಗೆ ಹಾಕ್ತೀರಲ್ಲಾ.”

ರಂಗನಾಯಕಿಯ ಕಣ್ಣು ಬಾವಿಯ ಪಕ್ಕದ ತಪ್ಪಲೆಯ ಕಡೆ ಹೋಯಿತು.

“ಹಾಕಿ,” ಎಂದಳು ಬಷೀರುನ್ನೀಸಾ. “ಈ ಸಲ ನನ್ನ ಎದುರಿಗೇ ಹಾಕಿ. ತೂತು ಬಿದ್ದರೆ ನನ್ನ ಕಣ್ಮುಂದೆ ಬೀಳಲಿ. ನಾನು ಹೋದ ಮೇಲೆ ಬೀಳೋದು ಬೇಡ.”

“ಅಯ್ಯೋ, ಅದು… ನಮ್ಮತ್ತೆ ಕಾಲದಿಂದ ಬಂದದ್ದು ಕಣೇ, ನಾನೇನು…” ರಂಗನಾಯಕಿ ಮಾತು ಮುಗಿಸಲಿಲ್ಲ. ತಪ್ಪಲೆ ಎಳೆದುಕೊಂಡು ಮೊದಲ ಲಂಗವನ್ನು ಅದ್ದಿದರು. ಅದು ಗಾಳಿ ತುಂಬಿ ಬುಗ್ಗೆಯಂತೆ ಮೇಲೆದ್ದು, ಮೆಲ್ಲಗೆ ಮುಳುಗಿತು. ಎತ್ತಿ ಹೂವು ಹಿಂಡುವಂತೆ ಹಿಂಡಿದರು.

“ಜೋರಾಗಿ ಹಿಂಡಿ ಅಮ್ಮಾವ್ರೇ.”

ಜೋರಾಗಿ ಹಿಂಡಿದರು. ಒಂದಾಯಿತು, ಎರಡಾಯಿತು. ಮೂರನೆಯದು ಗವಸಿನ ಬಟ್ಟೆಯದು. ಬಿಚ್ಚಿ ಬೆಳಕಿಗೆ ಹಿಡಿಯಲು ಒಬ್ಬರ ಕೈ ಸಾಲಲಿಲ್ಲ. ಬಷೀರುನ್ನೀಸಾ ಕೈ ಚಾಚಿ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಬಟ್ಟೆಯನ್ನು ಬಿಸಿಲಿಗೆ ಬಿಗಿಯಾಗಿ ಎಳೆದರು. ಬೆಳಕು ನೇಯ್ಗೆಯಲ್ಲಿ ಸೋಸಿ ಬಂತು. ಎಲ್ಲಿಯೂ ತೂತಿನಲ್ಲಿ ಹಾಯ್ದು ಬರಲಿಲ್ಲ.

“ಅಮ್ಮಾ, ಅವಳು ಮತ್ತೆ ಮುಟ್ಟಿದ್ಲು,” ಎಂದಳು ಕನಕಲಕ್ಷ್ಮಿ ಬಾಗಿಲಿಂದ, ನಗು ತಡೆಯುತ್ತ. “ಮತ್ತೆ ಅದ್ದಬೇಕಲ್ವಾ?”

“ಮತ್ತೆ ನೀರು ಸೇದೋರು ಯಾರೇ? ನೀನಾ?” ಎಂದು ರಂಗನಾಯಕಿ ಲಂಗವನ್ನು ತಂತಿಯ ಮೇಲೆ ಹರವಿದರು. ಆಮೇಲೆ ಬಷೀರುನ್ನೀಸಾಳ ಮುಖ ನೋಡದೆಯೇ, “ಕುಪ್ಪಸದ ಬಟ್ಟೆ ಇನ್ನೂ ಹೊಲಿಯೋದಿದೆ. ನಾಳೆ ಬಂದು ತಗೊಂಡು ಹೋಗು. ಆ ಬ್ಯಾಟ್ರಿ ಗೀಟ್ರಿ ಹತ್ರ ಇಡ್ಬೇಡ್ವೇ,” ಎಂದರು.

ಮನೆಗೆ ಬಂದಾಗ ಹಲಗೆಯ ಮೇಲೆ ಮಿಷನ್ನು ಬಿಟ್ಟರೆ ಏನೂ ಇರಲಿಲ್ಲ. ನಜೀರ್ ಪೆಟ್ಟಿಗೆಯ ಮುಂದೆ ಕೂತು, ತನ್ನ ಹೆಸರಿನ ತುಂಡು ಬಟ್ಟೆಯನ್ನು ಅಂಟಿನಿಂದ ಅದರ ಎದೆಗೆ ಅಂಟಿಸುತ್ತಿದ್ದ. ಬ್ಯಾಟರಿ ಅಡುಗೆಮನೆಯಲ್ಲಿ, ರುಬ್ಬುವ ಕಲ್ಲಿನ ಪಕ್ಕ ಕೂತಿತ್ತು. ಆಸಿಡ್ಡು ಚೆಲ್ಲಿದಲ್ಲಿ ಅವನೇ ಒರೆಸಿಕೊಳ್ಳಲೆಂದು ಬಷೀರುನ್ನೀಸಾ ಸೋಡಾದ ಒಂದು ಪೊಟ್ಟಣ, ಒಂದು ಒದ್ದೆ ಚಿಂದಿ ತಂದು ಇಕ್ಕಳ, ತಿರುಪುಳಿಗಳ ಜೊತೆ ಅವನ ಸಾಮಾನಿನ ಚೀಲಕ್ಕೆ ಹಾಕಿದಳು. ಆಮೇಲೆ ಬ್ಯಾಟರಿಯ ಕಡೆ ಬೆರಳು ತೋರಿಸಿದಳು.

“ಅಲ್ಲೂ ಬೇಡ.”

“ಮತ್ತೆಲ್ಲಿಡಲೇ?”

“ಸೆಟ್ಟು ನಿಮ್ಮದಲ್ವಾ? ಜಾಗ ನೀವೇ ಹುಡುಕಿ.”