ಚಹಾ ಬೇಕೇನು ಎಂದು ಕರೆದವನು

ನಾನು ಗೋಕಾಕದ ಒಂದು ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುತ್ತೇನೆ, ಬಿಡುವಾದಾಗ ಕತೆ ಬರೆಯುತ್ತೇನೆ. ನೌಕಾಪಡೆಯ ಕಮಾಂಡೊಗಳ ಬಗ್ಗೆ ಕಾದಂಬರಿ ಬರೆಯಬೇಕೆಂಬ ಹುಚ್ಚು ಹತ್ತಿದ್ದು ಟೀವಿ ನೋಡುವಾಗ. ದೂರದ ಯಾವುದೋ ಸಮುದ್ರದಲ್ಲಿ ಕಳ್ಳರು ಹಿಡಿದಿಟ್ಟಿದ್ದ ಹಡಗನ್ನು ಹತ್ತಿ, ಒಳಗಿದ್ದವರನ್ನು ಬಿಡಿಸಿ ತಂದಿದ್ದರಂತೆ. ಮನೆಯವರೆಲ್ಲ ಭಲೆ ಭಲೆ ಎಂದರು. ನನ್ನ ತಲೆಗೆ ಬೇರೆ ಪ್ರಶ್ನೆ ಹೊಕ್ಕಿತು. ಈ ಹುಡುಗರಿಗೆ ಕಲಿಸಲು ಹಿರಿಯರಿದ್ದಾರೆ, ಆ ಹಿರಿಯರಿಗೂ ಹಿರಿಯರಿದ್ದರು. ಆದರೆ ಎಲ್ಲರಿಗಿಂತ ಮೊದಲಿನ ತಂಡಕ್ಕೆ? ಇಂಥದೊಂದು ಪಡೆ ಬೇಕು ಎಂದು ಯಾರಿಗೋ ಅನಿಸಿದ ದಿನ ಅದರಲ್ಲಿ ಒಬ್ಬನೂ ಇರಲಿಲ್ಲವಲ್ಲ, ಅದು ಶುರುವಾದದ್ದಾದರೂ ಹೇಗೆ?

ಬೇಸಿಗೆ ರಜೆಯಲ್ಲಿ ಕೂತು ಒಂದಷ್ಟು ಪುಟ ಬರೆದೆ. ನಾನು ಸಮುದ್ರ ಕಂಡದ್ದು ಶಾಲೆಯ ಪ್ರವಾಸಕ್ಕೆ ಕಾರವಾರಕ್ಕೆ ಹೋದಾಗ ಮಾತ್ರ, ಅದೂ ಮಕ್ಕಳು ನೀರಿಗಿಳಿಯದಂತೆ ಸೀಟಿ ಊದುತ್ತ. ನನ್ನ ಕಥಾನಾಯಕ ಬಾಯಲ್ಲಿ ಚಾಕು ಕಚ್ಚಿಕೊಂಡು ಅಲೆಗೆ ಹಾರುತ್ತಿದ್ದ. ಓದಿದರೆ ನನಗೇ ನಂಬಿಕೆ ಬರಲಿಲ್ಲ.

ಶಾಲೆ ಮತ್ತೆ ಶುರುವಾದ ಮೇಲೆ ಮೂಡಲಗಿಯಿಂದ ಬರುವ ಸಹೋದ್ಯೋಗಿಯೊಬ್ಬರ ಮುಂದೆ ಈ ಗೋಳು ಹೇಳಿಕೊಂಡೆ. ಅವರು ಊಟದ ಡಬ್ಬಿ ಮುಚ್ಚುತ್ತ, "ತುಕ್ಕಾನಟ್ಟ್ಯಾಗ ಒಬ್ರು ಅದಾರ್ರಿ, ನೇವಿಯಿಂದ ರಿಟೈರ್ ಆಗಿ ಬಂದವ್ರು. ಅಲ್ಲಿ ಏನ್ ಕೆಲಸ ಮಾಡ್ತಿದ್ರು ಅಂತ ಕೇಳಿದ್ರ ನಕ್ಕೋಂತ ಕಬ್ಬಿನ ಮಾತ ತಗೀತಾರ" ಎಂದರು. ಅಷ್ಟು ಸಾಕಾಯಿತು ನನಗೆ. ಮುಂದಿನ ಭಾನುವಾರ ಬಸ್ಸು ಹತ್ತಿದೆ.

ಟೀವಿಯಲ್ಲಿ ಕಂಡಂಥ ದೊಡ್ಡ ಆಳನ್ನು ನಿರೀಕ್ಷಿಸಿ ಹೋದವಳಿಗೆ ಬಾಗಿಲು ತೆಗೆದದ್ದು ಒಬ್ಬ ಸಣ್ಣ, ಸಪೂರ ಮನುಷ್ಯ. ಅರವತ್ತು ದಾಟಿರಬೇಕು. ಕುತ್ತಿಗೆ ಮಾತ್ರ ಎತ್ತಿನದರಂತೆ ದಪ್ಪ. ನಾನು ಬಂದ ಕಾರಣ ಹೇಳಿದೆ. ಅವರು ಕಬ್ಬಿನ ಮಾತು ತೆಗೆಯಲಿಲ್ಲ.

"ಕೆಲಸದ್ದು ಕೇಳಬ್ಯಾಡ್ರಿ ಅಕ್ಕಾರ. ಹೇಳಾಂಗಿಲ್ಲ ಅಂತ ಮಾತ ಕೊಟ್ಟೇನಿ. ಮನ್ಯಾಗೂ ಹೇಳಿಲ್ಲ."

ಒಳಗಿನಿಂದ ಅವರ ಹೆಂಡತಿ ಬಂದು ಬಾಗಿಲಿಗೆ ಆತು ನಿಂತರು. "ಖರೇನ ಹೇಳಿಲ್ರಿ. ಸ್ಟೋರದಾಗ ಸಾಮಾನ ಕೊಡ್ತೇನಿ ಅಂತಿದ್ರು. ರಜಾಕ್ಕ ಬಂದಾಗ ಮೈಮ್ಯಾಲಿನ ಗಾಯ ನೋಡಿ, ಸಾಮಾನ ಇವರನ್ನ ಕಚ್ಚತೈತೋ ಏನೋ ಅಂತಿದ್ದೆ ನಾ."

ಗಂಡ ನಕ್ಕರು. ನಾನು, ಕೆಲಸದ್ದು ಬೇಡ, ಶುರುವಾದದ್ದಷ್ಟೇ ಹೇಳಿ ಎಂದು ಪಟ್ಟು ಹಿಡಿದೆ.

"ಅದು ಶುರು ಅಂತ ನಮಗೇನ್ ಗೊತ್ತಿತ್ರಿ? ಹಡಗಿನ ಮ್ಯಾಲ ನಿಲ್ಲಿಸಿ, ನೀರಾಗ ಅಂಜಿಕಿ ಇಲ್ಲದವ್ರು ಮುಂದ ಬರ್ರಿ ಅಂದ್ರು. ನಾ ಇಲ್ಲೇ ಬಾವ್ಯಾಗ ಈಜು ಕಲ್ತಾಂವ. ಮುಂದ ಹ್ವಾದೆ. ನನ್ನ ಬಾಜೂ ಒಬ್ಬಾಂವ ನಿಂತಿದ್ದ, ಹುಕ್ಕೇರಿಯಂವ. ಇಡೀ ಹಡಗಿನಾಗ ಕನ್ನಡ ಮಾತಾಡಾವ್ರು ನಾವಿಬ್ಬರಽ. ನಾ ಹೊಂಟೆ ಅಂತ ಅಂವಾನೂ ಬಂದ." ಆಮೇಲೆ ತಾವಾಗಿಯೇ ಹೇಳಿದರು, "ನೀವು ಅವನ್ನ ಕೇಳ್ರಿ. ಅಂವಾ ನಡುವಽ ಹೊರಗ ಬಂದ. ಉಳದವರಿಗೆ ನೆನಪ ಕಡಿಮಿ ಇರತೈತಿ, ಹೊರಗ ಬಂದವರಿಗೆ ಎಲ್ಲಾ ನೆನಪ ಇರತೈತಿ."

ಹುಕ್ಕೇರಿಯ ಸಂತೆಯ ದಿನವೇ ನನಗೆ ಪುರುಸೊತ್ತು ಸಿಕ್ಕಿತು. ಬಸ್‌ಸ್ಟ್ಯಾಂಡಿನಿಂದ ಅಷ್ಟು ದೂರವಲ್ಲದ ಓಣಿಯಲ್ಲಿ ಅವರ ಅಂಗಡಿ. ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿ ಕೊಡುತ್ತಾರೆ. ಬಿಳಿ ಗಡ್ಡ, ತಲೆಗೆ ಜಾಳಿಗೆ ಟೊಪ್ಪಿಗೆ, ಮೂಗಿನ ತುದಿಗೆ ಕನ್ನಡಕ. ಸಂತೆಗೆ ಬಂದ ರೈತರು ಮೋಟಾರು ಇಳಿಸಿ ಹೋಗುತ್ತಿದ್ದರು. ತುಕ್ಕಾನಟ್ಟಿಯವರು ಕಳಿಸಿದ್ದಾರೆ ಎಂದ ಕೂಡಲೇ ಕೈಯಲ್ಲಿದ್ದ ತಂತಿ ಕೆಳಗಿಟ್ಟರು.

"ಅಂವಾ ಕಳಿಸ್ಯಾನ? ನಾ ಯಾಕ ಹೊರಗ ಬಂದೆ ಅಂತ ಹೇಳ್ಯಾನೇನ್ರಿ?"

"ಇಲ್ರಿ, ನಿಮ್ಮನ್ನೇ ಕೇಳು ಅಂದರು."

"ಚಹಾಕ್ಕ ಬಂದೆ ರಿ" ಎಂದರು ಅವರು, ಸಂತೆಗೆ ಬಂದೆ ಎಂದಷ್ಟು ಸಲೀಸಾಗಿ.

ಆ ತರಬೇತಿ ಹೇಗೆ ನಡೆಯಬೇಕು ಎಂಬುದು ಆಗ ಯಾರಿಗೂ ಪೂರ್ತಿ ಗೊತ್ತಿರಲಿಲ್ಲವಂತೆ. ಒಬ್ಬ ಆಫೀಸರ್ ಇದ್ದರು, ಮಾತು ಕಡಿಮೆ. ನಸುಕಿನಲ್ಲಿ ಎಲ್ಲರನ್ನೂ ಎದೆಮಟ್ಟದ ನೀರಿನಲ್ಲಿ ತೋಳಿಗೆ ತೋಳು ಹೆಣೆದು ನಿಲ್ಲಿಸುತ್ತಿದ್ದರು. ಈಜುವುದಿಲ್ಲ, ಓಡುವುದಿಲ್ಲ, ಸುಮ್ಮನೆ ನಿಲ್ಲುವುದು. ದಂಡೆಯ ಮೇಲೆ ಒಲೆ ಹೊತ್ತಿಸಿ ಶುಂಠಿ ಹಾಕಿದ ಚಹಾ ಕುದಿಸಿ, ಬೇಕಾದವರು ಬರಬಹುದು, ಯಾರೂ ಬೈಯುವುದಿಲ್ಲ ಎನ್ನುತ್ತಿದ್ದರು. ಆದರೆ ಚಹಾಕ್ಕೆ ಬಂದವನು ಮತ್ತೆ ನೀರಿಗೆ ಇಳಿಯುವಂತಿಲ್ಲ.

"ಮೊದಲ ತಡಕೊಂಡೆ ರಿ. ಚಳಿ ಹಲ್ಲಿನಾಗ ಇರತೈತಿ ಅಂತ ತಿಳದಿದ್ದೆ. ಅಲ್ಲ, ಎಲುವಿನಾಗ ಇರತೈತಿ. ಕಡೀಕ ಒಂದಿನ ಗಾಳಿ ನಮ್ಮ ಕಡೆ ಬೀಸ್ತು, ಶುಂಠಿ ವಾಸನಿ ಬಂತು. ನಮ್ಮವ್ವ ಹಾಂಗಽ ಮಾಡ್ತಿದ್ಲು. ಯಾರೂ ನೂಕಲಿಲ್ರಿ. ತೋಳ ಬಿಡಿಸ್ಕೊಂಡು ನಾನಽ ನಡಕೊಂತ ಬಂದೆ."

"ಬೇಸರ ಆಗಲಿಲ್ಲವೇನ್ರಿ?"

"ಚಹಾ ಚಲೋ ಇತ್ತು" ಎಂದರು. ಆಮೇಲೆ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. "ಬೇಸರ ಮರುದಿನ ಆತು. ನನ್ನ ಹಡಗಿಗೆ ವಾಪಸ್ ಕಳಸ್ತಾರ ಅಂತ ಗಂಟ ಕಟ್ಟಿದ್ದೆ. ಆಫೀಸರ್ ಬಂದು ಕಿಟ್ಲಿ ನನ್ನ ಕೈಯಾಗ ಕೊಟ್ಟರು. ಇವತ್ತಿಂದ ನೀ ಕರೀಬೇಕು ಅಂದ್ರು."

ನಾನು ಬರೆದುಕೊಳ್ಳುವುದನ್ನು ಮರೆತು ಕೂತಿದ್ದೆ.

"ನನ್ನ ಗೆಳ್ಯಾರನ್ನ ನಾನಽ ಕರೀಬೇಕು! ಒಬ್ಬೊಬ್ಬರ ಮುಂದ ಹೋಗಿ, ಚಹಾ ಬೇಕೇನು ಅನ್ನೂದು. ಬ್ಯಾರೆಯವರಿಗೆ ಹಿಂದಿಯಾಗ ಕೇಳ್ತಿದ್ದೆ, ಹುಕುಮು ಅಂತ. ಆದ್ರ ತುಕ್ಕಾನಟ್ಟಿಯವನ್ನ ಕನ್ನಡದಾಗ ಕರದೆ. ಹುಕುಮು ಅಂತಲ್ರಿ, ಮನಸಿನಿಂದ ಕರದೆ. ದಂಡಿಮ್ಯಾಲ ನಾ ಒಬ್ಬನಽ ಆಗಿದ್ದೆ ನೋಡ್ರಿ. ಅವನ ತುಟಿ ನೀಲಿ ಆಗಿತ್ತು. ಬಾರೋ, ಸಾಕು ಬಾ ಅಂದೆ. ಅಂವಾ ಕನ್ನಡದಾಗಽ ನನಗ ಬೈದ."

"ಏನಂತ?"

"ಅದನ್ನ ನಿಮ್ಮ ಮುಂದ ಹೆಂಗ್ ಹೇಳ್ಲಿ?" ಎಂದು ನಗುತ್ತ ಮತ್ತೆ ತಂತಿ ಕೈಗೆತ್ತಿಕೊಂಡರು.

ನನಗೆ ತಡೆಯಲಾಗಲಿಲ್ಲ. ಮುಂದಿನ ವಾರ ತುಕ್ಕಾನಟ್ಟಿಗೆ ಹೋಗಿ ನೇರವಾಗಿ ಕೇಳಿದೆ, ಅವತ್ತು ಏನೆಂದು ಬೈದಿರಿ? ಅವರು ಹುಬ್ಬೇರಿಸಿದರು.

"ಬೈಲಿಲ್ರಿ! ನನ್ನ ಕಡೆ ನೋಡಬ್ಯಾಡ ಅಂದೆ. ಬ್ಯಾರೆ ಯಾರ್ ಕರದ್ರೂ ಏನೂ ಅನಸ್ತಿರಲಿಲ್ಲ. ಅಂವಾ ಕನ್ನಡದಾಗ ಬಾ ಅಂದಾಗ ಕಾಲು ಅಲುಗಿದ್ವು. ಇನ್ನೊಮ್ಮೆ ಅಂದಿದ್ರ ಹೋಗಿಬಿಡ್ತಿದ್ದೆ."

ನಾನು ಅಲ್ಲೇ ಹುಕ್ಕೇರಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ ಅವರ ಕೈಗೆ ಕೊಟ್ಟೆ. ಇಬ್ಬರೂ ಬೈದದ್ದು ಹೌದು, ಅಲ್ಲ ಎಂದು ಬಹಳ ಹೊತ್ತು ವಾದಿಸಿದರು. ಹಬ್ಬಹರಿದಿನಕ್ಕೆ ಒಬ್ಬರ ಮನೆಗೆ ಒಬ್ಬರು ಹೋಗಿ ಉಂಡು ಬರುವ ಗೆಳೆಯರು, ಆದರೆ ಈ ಒಂದು ಮುಂಜಾವಿನ ಮಾತನ್ನು ಇಷ್ಟು ವರ್ಷ ಆಡಿರಲೇ ಇಲ್ಲವಂತೆ. ಕೊನೆಗೆ ಹುಕ್ಕೇರಿಯ ಕಡೆಯಿಂದ ಧ್ವನಿ ಸಣ್ಣದಾಗಿ ಬಂತು. "ಕಾಲು ಅಲುಗಿದ್ವಾ? ಖರೇನಾ?"

"ಖರೆ."



ನೀರಿನಲ್ಲಿ ನಿಲ್ಲಬೇಕೆಂಬ ಆಸೆ ನನಗೆ ಹುಟ್ಟಿದ್ದು ಅವತ್ತೇ. ಪುಟಗಳಲ್ಲಿ ಚಳಿ ಎಂದು ಬರೆಯುತ್ತಿದ್ದೆ, ಚಳಿ ಬರುತ್ತಿರಲಿಲ್ಲ. ಡಿಸೆಂಬರಿನಲ್ಲಿ ತುಕ್ಕಾನಟ್ಟಿಯವರನ್ನು ಕೇಳಿದೆ. ಬಾವಿಯ ನೀರು ಚಳಿಗಾಲದಲ್ಲಿ ಬೆಚ್ಚಗಿರುತ್ತದೆ, ಉಪಯೋಗವಿಲ್ಲ, ಹೊಳೆಗೇ ಹೋಗಬೇಕು ಎಂದರು. ಘಟಪ್ರಭೆಯಲ್ಲಿ ಎಮ್ಮೆ ಮೈತೊಳೆಯುವ ಜಾಗವೊಂದನ್ನು ತಾವೇ ಮೊದಲು ಇಳಿದು, ಕಾಲಿನಿಂದ ತಳ ತಡವಿ ನೋಡಿ ಗೊತ್ತುಮಾಡಿದರು. ಹುಕ್ಕೇರಿಯವರು ಮೊದಲ ಬಸ್ಸಿಗೆ ಥರ್ಮಾಸು ಹಿಡಿದು ಬಂದರು. ನಾನು ಸೀರೆಯ ಸೆರಗು ಸಿಕ್ಕಿಸಿ ಇಳಿಯುವಾಗ ತುಕ್ಕಾನಟ್ಟಿಯವರ ಹೆಂಡತಿ, "ತಡೀರಿ, ನಾನೂ ಬರ್ತೇನಿ" ಎಂದು ಚಪ್ಪಲಿ ಬಿಟ್ಟರು.

"ನಿನಗ್ಯಾಕ?" ಎಂದರು ಗಂಡ.

"ಸ್ಟೋರ ಹೆಂಗಿತ್ತು ಅಂತ ನೋಡ್ತೇನಿ" ಎಂದರು ಅವರು.

ಎದೆಮಟ್ಟಕ್ಕೆ ನೀರು ಬಂದಾಗ ಉಸಿರು ಒಳಗೇ ನಿಂತಿತು. ಇಬ್ಬರೂ ತೋಳು ಹೆಣೆದುಕೊಂಡೆವು. ತುಕ್ಕಾನಟ್ಟಿಯವರು ಕೈಚಾಚಿದರೆ ಇಬ್ಬರೂ ಸಿಗುವಷ್ಟು ಹತ್ತಿರ ನೀರಿನಲ್ಲೇ ನಿಂತಿದ್ದರು. ಹೊಳೆಯ ಮೇಲೆ ಮಂಜು ಹರಿಯುತ್ತಿತ್ತು. ಮೊದಲು ಕಾಲ್ಬೆರಳುಗಳ ಲೆಕ್ಕ ತಪ್ಪಿತು. ಆಮೇಲೆ ಯೋಚನೆಗಳು ಒಂದೊಂದಾಗಿ ಬಿಟ್ಟುಹೋದವು: ಕಾದಂಬರಿ, ಶಾಲೆ, ಮನೆ. ಕೊನೆಗೆ ಉಳಿದದ್ದು ದಂಡೆಯೊಂದೇ. ಹುಕ್ಕೇರಿಯವರು ಥರ್ಮಾಸಿನ ಮುಚ್ಚಳ ತಿರುವಿ, "ಚಹಾ ಬೇಕೇನ್ರಿ ಅಕ್ಕಾರ?" ಎಂದರು. ನಾನು ಎರಡನೆಯ ಸಲ ಕರೆಸಿಕೊಳ್ಳಲಿಲ್ಲ. ತೋಳು ಬಿಡಿಸಿಕೊಂಡು ಹೊರಗೆ ನಡೆದೆ.

ತುಕ್ಕಾನಟ್ಟಿಯವರ ಹೆಂಡತಿ ಬರಲಿಲ್ಲ. ಹಲ್ಲು ಕಟಕಟ ಎನ್ನುತ್ತಿದ್ದರೂ ಗಂಡನ ಮುಖವನ್ನೇ ನೋಡುತ್ತ ನಿಂತಿದ್ದರು. ಸಾಕು ಬಾ ಎಂದು ಗಂಡ ಹೇಳಿದರು. ಹುಕ್ಕೇರಿಯವರೂ ಹೇಳಿದರು. ಅವರು ಒಲ್ಲೆ ಎಂದು ತಲೆಯಾಡಿಸಿದರು. ಕೊನೆಗೆ ಗಂಡ ತೋಳು ಹಿಡಿದು ಕರೆತಂದಾಗ ಕಂಬಳಿ ಹೊದ್ದು ಕೂತು, ಮಾತಿಗೆ ನಾಲಗೆ ತಿರುಗಿದ ಮೇಲೆ ಮೊದಲು ಕೇಳಿದ್ದು ಇದು:

"ನಿಮಗ ಆಫೀಸರ್ ಕಲಿಸಿದ್ರು. ಆ ಆಫೀಸರಗ ಯಾರ್ ಕಲಿಸಿದ್ರು?"

ಅದನ್ನು ತುಕ್ಕಾನಟ್ಟಿಯವರು ಎಂದೂ ಕೇಳಿರಲಿಲ್ಲ. ಹುಕ್ಕೇರಿಯವರು ಕಪ್ಪು ಕೆಳಗಿಟ್ಟು, ನೆನಪು ಮಾಡಿಕೊಳ್ಳುತ್ತ ಹೇಳಿದರು.

"ಕಿಟ್ಲಿ ಕೈಗೆ ಬಂದಮ್ಯಾಲ ಒಲಿ ಹಚ್ಚಾಕ ನಾ ಎಲ್ಲಾರಕಿಂತ ಮೊದಲ ಹೋಗ್ತಿದ್ದೆ. ನಾ ಹೋಗೂದ್ರಾಗ ಆ ಸಾಹೇಬ್ರು ನೀರಾಗ ನಿಂತಿರತಿದ್ರು. ಒಬ್ಬರಽ. ನಡಗಕೊಂತ. ಕೈಗಡಿಯಾರ ನೋಡ್ಕೊಂತ. ಎಷ್ಟೊತ್ತಿಗೆ ಕೈ ಸತ್ತ ಹೋಗ್ತಾವ, ಎಷ್ಟೊತ್ತಿಗೆ ತಲಿ ಓಡೂದಿಲ್ಲ, ಎಲ್ಲಾ ತಮ್ಮ ಮೈಮ್ಯಾಲ ನೋಡ್ಕೊಂಡು ಆಮ್ಯಾಲ ನಮ್ಮನ್ನ ಇಳಸ್ತಿದ್ರು. ಯಾರಿಗೂ ಹೇಳಬ್ಯಾಡ ಅಂದಿದ್ರು. ಇವತ್ತ ಹೇಳಿದೆ ನೋಡ್ರಿ."

"ನನಗೂ ಹೇಳಲಿಲ್ಲ ನೀ" ಎಂದರು ತುಕ್ಕಾನಟ್ಟಿಯವರು.

"ನೀ ಏನ್ ನನಗ ಎಲ್ಲಾ ಹೇಳಿಯೇನ?"

ನಾನು ಗೋಕಾಕಕ್ಕೆ ವಾಪಸಾಗಿ, ಬೆಚ್ಚನೆಯ ಶಾಲು ಹೊದ್ದು, ಬರೆದಿದ್ದ ಪುಟಗಳನ್ನೆಲ್ಲ ಬದಿಗಿಟ್ಟೆ. ಹೊಸ ಕಾದಂಬರಿಯಲ್ಲಿ ಮೊದಲು ಬರುವವನು ಹೆಸರಿಲ್ಲದ ಆ ಅಧಿಕಾರಿ. ಕಲಿಸುವವರಿಲ್ಲದೆ ನಸುಕಿನ ನೀರಿಗೆ ಇಳಿಯುತ್ತಾನೆ. ಆ ಅಧ್ಯಾಯವನ್ನು ತುಕ್ಕಾನಟ್ಟಿಯಲ್ಲಿ ಓದಿ ತೋರಿಸಿದೆ. ಗಂಡ ಎದ್ದು ಹೋಗಿ ಹೊಲದ ನೀರು ತಿರುವಿ ಬಂದರು. ಹೆಂಡತಿ ಮಾತ್ರ ಪುಟಗಳನ್ನು ಕೈಗೆ ತೆಗೆದುಕೊಂಡು ಕೇಳಿದರು:

"ಇಂವಾ ದಿನಾ ನಸುಕಿನ್ಯಾಗ ಎದ್ದು ಒದ್ದಿ ಬಟ್ಟಿ ಹಿಡ್ಕೊಂಡು ಬರ್ತಾನಲ್ರಿ, ಇವನ ಹೆಂಡ್ತಿ ಏನಂತ ತಿಳ್ಕೊಂಡಿದ್ಲು?"

ನಿಮಗೇನನಿಸುತ್ತದೆ ಎಂದು ಅವರನ್ನೇ ಕೇಳಿದೆ. ಅವರು ಪಕ್ಕದಲ್ಲಿ ಕೂತು ಹೇಳತೊಡಗಿದರು. ಎರಡನೆಯ ಅಧ್ಯಾಯ ಅಲ್ಲಿಂದಲೇ ಶುರುವಾಯಿತು.