ಅರ್ಧ ಸೀಟಿನಲ್ಲಿ ಪುಣೆಗೆ

ವಿಜಾಪುರದಿಂದ ಪುಣೆಯವರೆಗೆ ಮೂರು ಗಾಲಿಯ ಟೆಂಪೋದಲ್ಲಿ ಬಂದವರು ನಮ್ಮ ಬಳಗದಲ್ಲಿ ಇಬ್ಬರೇ, ಅಪ್ಪ ಮತ್ತು ನಾನು. ಅಪ್ಪ ತಾನಾಗಿ ಬಂದ. ನನ್ನನ್ನು ಹಗ್ಗ ಕಟ್ಟಿ ತಂದ.

ಹಗ್ಗದ ಮಾತು ಉತ್ಪ್ರೇಕ್ಷೆಯಲ್ಲ. ಅದು ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಚೀಲ ಸಾಗಿಸುವಂಥ ಪುಟ್ಟ ಗಾಡಿ. ಮುಂದೆ ಓಡಿಸುವವನಿಗೆ ಒಂದೇ ಸೀಟು. ಅದರಲ್ಲಿ ಅಪ್ಪನಿಗೆ ಅರ್ಧ, ನನಗೆ ಅರ್ಧ, ಅಪ್ಪನ ಅರ್ಧ ದೊಡ್ಡದು. ಎಡಗಡೆ ಬಾಗಿಲಿರಲಿಲ್ಲ. ನಾನು ರಸ್ತೆಗೆ ಉರುಳಬಾರದೆಂದು ಅಪ್ಪ ಅಡ್ಡ ಹಗ್ಗ ಬಿಗಿದು, ಹಮಾಲರು ಚೀಲಕ್ಕೆ ಹಾಕುವ ಗಂಟು ಹಾಕುತ್ತಿದ್ದ. ತೊಡೆಯ ಮೇಲೆ ಎಣ್ಣೆಯ ಡಬ್ಬಿ, ಕಾಲ ಕೆಳಗೆ ಜೋಳದ ಚೀಲ. ಕೆರೆದುಕೊಳ್ಳಬೇಕೆಂದರೂ ಗಾಡಿ ನಿಲ್ಲಿಸಬೇಕಿತ್ತು.

ಅಪ್ಪ ಯಾರ್ಡಿನ ಒಂದು ಅಡತಿ ಅಂಗಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆಯುವ ದಿವಾನಜಿಯಾಗಿದ್ದ. ಅಂಗಡಿ ಮುಚ್ಚಿತು. ಇನ್ನು ಯಾರ ಕೈಕೆಳಗೂ ದುಡಿಯುವುದಿಲ್ಲ, ನನ್ನದೇ ಗಾಡಿ ಓಡಿಸುತ್ತೇನೆ ಎಂದು ಹಟ ಹಿಡಿದ. ವಿಜಾಪುರದ ದಾಯಾದಿಯೊಬ್ಬ ಈ ಹಳೆಯ ಟೆಂಪೋ ಬಿಟ್ಟುಕೊಟ್ಟ. ಲಾರಿಯ ಮೇಲೆ ಹೇರಿಸಿ ತಾ ಎಂದು ಎಲ್ಲರೂ ಹೇಳಿದರು. ಅಪ್ಪ ಕೇಳಿದರೆ ತಾನೆ?

ನಾನು ಆಗ ಮದುವೆಯೊಂದಕ್ಕೆಂದು ವಿಜಾಪುರಕ್ಕೆ ಹೋಗಿದ್ದೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಪುಣೆಯ ಸ್ವಾರಗೇಟ್ ಹತ್ತಿರದ ಒಂದು ಕಚೇರಿಯಲ್ಲಿ ನನಗೆ ಟೈಪಿಂಗ್ ಪರೀಕ್ಷೆಯಿತ್ತು. ಈ ಸಲವೂ ನೌಕರಿ ಆಗದಿದ್ದರೆ ಸೋದರಮಾವ ನೋಡಿಟ್ಟ ಗಂಡಿಗೆ ಹೂಂ ಅನ್ನಬೇಕೆಂದು ಮನೆಯಲ್ಲಿ ಮಾತಾಗಿತ್ತು. ಆ ಗಂಡನ್ನು ಅದೇ ಮದುವೆಯಲ್ಲಿ ನೋಡಿದ್ದೆ. ನನಗೆ ಟೈಪಿಂಗ್ ಬರುತ್ತದೆ ಎಂದಾಗ ಅವನು, "ಯಾಕ ಬೇಕು?" ಎಂದಿದ್ದ. ರೈಲಿನ ಟಿಕೆಟ್ ನನ್ನ ಚೀಲದಲ್ಲೇ ಇತ್ತು. ಆದರೆ ಪುಣೆಯಿಂದ ಅವ್ವ ಫೋನಿನಲ್ಲಿ, "ನಿಮ್ಮಪ್ಪ ಒಬ್ಬರ ಬರೂದು ಬ್ಯಾಡ. ನೀ ಕೂಡು. ರವಿವಾರ ಮಧ್ಯಾಹ್ನಕ್ಕ ಮುಟ್ಟತೀರಿ" ಎಂದಳು.

ಒಬ್ಬನೇ ಬರಬಾರದು ಅನ್ನುವುದಕ್ಕೆ ಕಾರಣವಿತ್ತು. ಗಾಡಿ ಚಾಲೂ ಮಾಡಲು ಎಡಕ್ಕೆ ನೆಲದ ಹತ್ತಿರ ಇದ್ದ ಕಬ್ಬಿಣದ ಹಿಡಿಕೆಯನ್ನು ಜೋರಾಗಿ ಮೇಲಕ್ಕೆ ಜಗ್ಗಬೇಕು. ಅಪ್ಪನ ಎಡ ಭುಜ ಎರಡು ವರ್ಷದಿಂದ ಹಿಡಿದುಕೊಂಡಿತ್ತು. ಹಾಗಾಗಿ ಆ ಕೆಲಸ ನನ್ನದಾಯಿತು. ಪಂಢರಪುರ ಬರುವಷ್ಟರಲ್ಲಿ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ರವಿವಾರ ಮಧ್ಯಾಹ್ನಕ್ಕೆ ಪುಣೆ ಮುಟ್ಟಬೇಕಾದವರು ಸಂಜೆಗೆ ಜೇಜುರಿ ಮುಟ್ಟಿದೆವು. ಹೊಸದಾಗಿ ಬಂದ ಗಾಡಿಯನ್ನು ಮನೆದೇವರಿಗೆ ತೋರಿಸದೆ ಮನೆಗೆ ಒಯ್ಯುವಂತಿಲ್ಲ ಎಂದು ಅಪ್ಪ ಅಲ್ಲೇ ತಂಗಿದ. ನಸುಕಿನಲ್ಲೇ ಮೆಟ್ಟಿಲು ಹತ್ತಿ ಖಂಡೋಬನಿಗೆ ಕೈಮುಗಿದು ಇಳಿದೆವು. ಗಾಡಿಗೆ ಕಾಯಿ ಒಡೆದು, ಭಂಡಾರವೆಂದು ಕರೆಯುವ ಅರಿಶಿನ ಪುಡಿ ಎರಚಿದೆವು. ಅಲ್ಲಿಗೆ ಮುಗಿಸಬಹುದಿತ್ತು. ಅಪ್ಪನಿಗೆ ಭಕ್ತಿ ಉಕ್ಕಿತು. ಹಿಂದಿನ ಮುಚ್ಚಳ ಎತ್ತಿ, "ಏಳುಕೋಟಿ, ಏಳುಕೋಟಿ" ಎನ್ನುತ್ತ ಓಡುವ ಇಂಜಿನ್ನಿನ ಮೇಲೇ ಎರಡು ಬೊಗಸೆ ಸುರಿದ. "ಓಡಾಂವಾ ಇಂವಾನ. ಇವಂಗ ಮೊದಲ ಮುಟ್ಟಬೇಕು" ಎಂದ.

ಮುಟ್ಟಿತು. ಇಂಜಿನ್ ಆ ಪುಡಿಯನ್ನೆಲ್ಲ ಒಳಗೆಳೆದುಕೊಂಡಿತು. ಜೇಜುರಿ ದಾಟುವ ಮೊದಲೇ ಕೆಮ್ಮತೊಡಗಿತು, ಮೈಲಿಗೊಮ್ಮೆ ನಿಂತಿತು. ನಾನು ಜಗ್ಗುವುದು, ಅದು ಒಂದಿಷ್ಟು ಓಡಿ ಮತ್ತೆ ಸಾಯುವುದು. ಅಪ್ಪ ಮಾತ್ರ, "ಪೆಟ್ರೋಲಿನಾಗ ಕಸಾ ಅದ" ಎನ್ನುತ್ತಿದ್ದ. ಭಂಡಾರದ ಹೆಸರು ಎತ್ತಲಿಲ್ಲ. ಪುಣೆಯ ಕಡೆಗೆ ಹೋಗುವ ಬಸ್ಸುಗಳು ಒಂದೊಂದೇ ನಮ್ಮನ್ನು ದಾಟಿ ಹೋದವು. ನಾನು ಹಗ್ಗದೊಳಗೆ ಕೂತು ಅವನ್ನು ಎಣಿಸುತ್ತಿದ್ದೆ. ಈ ಗಾಡಿಯಿಂದ ಇಳಿದರೆ ಆ ಗಂಡಿನ ಮನೆಯಲ್ಲೇ ಇಳಿಯುತ್ತೇನೆ ಎನ್ನಿಸಿಬಿಟ್ಟಿತ್ತು.

ಸಾಸವಡದ ಬಸ್ ನಿಲ್ದಾಣದ ಎದುರು ಗಾಡಿ ಮತ್ತೆ ನಿಂತಿತು. ಎಂಟೂಕಾಲು. ನಾನು ಹಿಡಿಕೆ ಜಗ್ಗಿದೆ, ಚಾಲೂ ಆಯಿತು. ಆದರೆ ಕೈ ಹಿಡಿಕೆಯಿಂದ ಸೀದಾ ಹಗ್ಗದ ಗಂಟಿಗೆ ಹೋಯಿತು.

"ಅಪ್ಪಾ, ನಾ ಬಸ್ಸಿಗೆ ಹೊಂಟೆ."

"ಇನ್ನೇನು ಘಾಟ್ ಇಳದ್ರ ಮನೀನಽ ಅದಲ್ಲ ಯವ್ವಾ."

"ನಿನ್ನ ಘಾಟ್ ಇಳಿಯೂದ್ರಾಗ ನನ್ನ ಪರೀಕ್ಷಾ ಮುಗಿದಿರತದ."

ಗಂಟು ಬಿಚ್ಚಲು ನನಗೆ ಬರಲಿಲ್ಲ. ಅಪ್ಪನೇ ಬಾಗಿ, ಒಂದೇ ಕೈಯಲ್ಲಿ ಬಿಚ್ಚಿಕೊಟ್ಟ. ನಾನು ತಿರುಗಿ ನೋಡದೆ ಓಡಿದೆ.

ಬಸ್ಸು ದಿವೆ ಘಾಟ್ ಇಳಿಯುವಾಗ ಕಿಟಕಿಯಿಂದ ಆಳ ಕಂಡಿತು. ಇಲ್ಲಿ ಗಾಡಿ ನಿಂತರೆ ಅಪ್ಪ ಯಾವ ಕೈಯಿಂದ ಜಗ್ಗುತ್ತಾನೆ? ಆದರೂ ಇಳಿಯಬೇಕೆಂದು ನನಗೆ ಅನ್ನಿಸಲಿಲ್ಲ. ಇದನ್ನು ಇಂದಿಗೂ ಯಾರ ಮುಂದೂ ಹೇಳಿಲ್ಲ.

ಪರೀಕ್ಷೆಗೆ ಹದಿನೈದು ನಿಮಿಷ ಮೊದಲೇ ಮುಟ್ಟಿದೆ. ಬೆರಳ ಸಂದಿಯ ಅರಿಶಿನ ಟೈಪ್‌ರೈಟರಿನ ಕೀಲಿಗಳಿಗೆಲ್ಲ ಹತ್ತಿತು. ಮೇಲ್ವಿಚಾರಕಿ ಮರಾಠಿಯಲ್ಲಿ, ಮದುವೆ ಮನೆಯಿಂದ ಎದ್ದು ಬಂದೆಯಾ ಎಂದು ಕೇಳಿದಳು. ಹೌದೆಂದೆ. ಸಂದರ್ಶನಕ್ಕೆ ಸಂಜೆಯವರೆಗೆ ಕೂರಿಸಿಕೊಂಡರು. ನಾಲ್ಕೂವರೆಗೆ ನಾಳೆಯಿಂದ ಬಾ ಎಂದರು.

ಗುಲ್ಟೇಕಡಿಯ ನಮ್ಮ ಗಲ್ಲಿಯ ಬಾಯಿಗೆ ಬಂದಾಗ ಐದು ದಾಟಿತ್ತು. ಗಾಡಿ ಅಲ್ಲೇ, ಕಿರಾಣಿ ಅಂಗಡಿಯ ಎದುರು ನಿಂತಿತ್ತು. ಒಳಗೆ ಅಪ್ಪ ತನ್ನ ಅರ್ಧದಲ್ಲೇ ಕೂತಿದ್ದ. ಅಂಗಡಿಯ ಕಟ್ಟೆಯ ಮೇಲೆ ಅವ್ವ ಆರತಿ ತಟ್ಟೆ ಇಟ್ಟುಕೊಂಡು ಕೂತಿದ್ದಳು. ಕುಂಕುಮದ ನೀರು ತಟ್ಟೆಯಲ್ಲಿ ಅರ್ಧ ಆರಿಹೋಗಿತ್ತು.

"ಹನ್ನೊಂದಕ್ಕ ಬಂದಾರ" ಎಂದಳು ಅವ್ವ. "ಗಾಡಿ ನಿಂತದ. ಹಮಾಲ ಮಂದಿ ದೂಡತೀವಿ ಅಂದ್ರು, ಇವರು ಬ್ಯಾಡ ಅಂದ್ರು. ಇಳೀರಿ ಅಂದ್ರ ಇಳೀಲಿಲ್ಲ. ಇಬ್ಬರು ಹೊಂಟೀವಿ, ಒಬ್ಬನ ಹೆಂಗ ಆರತಿ ಮಾಡಿಸಿಕೊಳ್ಳಲಿ ಅಂತಾರ. ಚಹಾ ಅಷ್ಟಽ ಕುಡದಾರ."

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಗಾಡಿಯ ಹತ್ತಿರ ಹೋಗಿ, "ಘಾಟಿನಾಗ ನಿಲ್ಲಲಿಲ್ಲೇನು?" ಎಂದೆ.

"ಎರಡ ಸಲ ನಿಂತು. ಬಗ್ಗಿ ಬಲಗೈಲೆ ಜಗ್ಗಿದೆ."

"ಮತ್ತ ಇಲ್ಲಿ ಜಗ್ಗಾಕ ಏನಾಗಿತ್ತು?"

ಅಪ್ಪ ಎದುರಿನ ಗಾಜು ನೋಡುತ್ತ, "ಇಲ್ಲಿ ನಿಂತಿಲ್ಲ. ನಾನಽ ಬಂದ್ ಮಾಡೀನಿ" ಎಂದ. ನನ್ನ ಕಡೆ ತಿರುಗಿ, "ನೌಕರಿ ಆತೇನು?" ಎಂದ.

"ಆತು. ನಾಳಿಂದ ಹೋಗಬೇಕು."

"ಚಲೋ ಆತು" ಎಂದು ಪಕ್ಕಕ್ಕೆ ಸರಿದ.

ಈ ಜನ್ಮದಲ್ಲಿ ಮತ್ತೆ ಕೂರುವುದಿಲ್ಲ ಎಂದುಕೊಂಡ ಆ ಅರ್ಧ ಸೀಟಿನಲ್ಲಿ ಕೂತೆ. ಮನೆ ನಲವತ್ತು ಹೆಜ್ಜೆ ದೂರವಿತ್ತು. ಅಷ್ಟಕ್ಕೂ ಅಪ್ಪ ಬಾಗಿ ಹಗ್ಗ ಕಟ್ಟಿದ. ನಾನು ಬೊಬ್ಬೆಯ ಕೈಯಿಂದ ಹಿಡಿಕೆ ಜಗ್ಗಿದೆ. ಮೂರನೇ ಸಲಕ್ಕೆ ಚಾಲೂ ಆಯಿತು. ಮುಂದೆ ಆರತಿ ಹಿಡಿದು ಅವ್ವ ನಡೆದಳು, ಹಿಂದೆ ಅಪ್ಪ ಮೊದಲನೇ ಗೇರಿನಲ್ಲೇ, ಅವಳಿಗಿಂತ ನಿಧಾನವಾಗಿ ಗಾಡಿ ಬಿಟ್ಟ.