ಬರೀ ಆರುನೂರ ಇಪ್ಪತ್ತು

ವಿಮಾನ ಬಾಡಿಗೆಗೆ ಕೊಡುವ ಆ ಪುಟ್ಟ ಕಚೇರಿಯಲ್ಲಿ ಅವಳನ್ನು ಎಲ್ಲರೂ ಮೈಲಕ್ಕ ಎನ್ನುತ್ತಿದ್ದರು. ಯಾವ ಎರಡು ನಿಲ್ದಾಣಗಳ ಹೆಸರು ಹೇಳಿದರೂ ನಡುವಿನ ದೂರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಇಪ್ಪತ್ತಾರು ವರ್ಷದ ಅಭ್ಯಾಸ. ಗಂಡ ಮಾತ್ರ, "ತರಕಾರಿ ಅಂಗಡಿ ಎಷ್ಟು ದೂರ ಅನ್ನೋದೇ ಇವಳಿಗೆ ಮರೆತುಹೋಗಿದೆ" ಎಂದು ಕಾಲೆಳೆಯುತ್ತಿದ್ದ.

ಅವರ ಕಸುಬಿನಲ್ಲಿ ದೂರವೆಂದರೆ ನಾಟಿಕಲ್ ಮೈಲಿ. ಒಂದೊಂದೂ ಹೆಚ್ಚುಕಡಿಮೆ ಎರಡು ಕಿಲೋಮೀಟರು. ಎಲ್ಲರಿಗೂ ಗೊತ್ತಿದ್ದದ್ದೇ ಅಲ್ಲವೇ, ಮೈಲಿ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆ ಬೆಳಿಗ್ಗೆ ಆಸ್ಪತ್ರೆಯ ಹೃದಯ ಕಸಿ ಸಂಯೋಜಕ ಫೋನಿನಲ್ಲಿ ದೂರ ಕೇಳಿದಾಗಲೂ ಅವಳು "ಆರುನೂರ ಇಪ್ಪತ್ತು" ಎಂದಷ್ಟೇ ಹೇಳಿದ್ದಳು.

ಹನ್ನೊಂದಕ್ಕೆ, ಆ ಆಸ್ಪತ್ರೆಯಲ್ಲಿ ಕಾಯುತ್ತಿದ್ದ ಒಬ್ಬ ಹುಡುಗಿಗಾಗಿ ಐಸಿನ ಪೆಟ್ಟಿಗೆಯಲ್ಲಿ ದಾನಿಯ ಹೃದಯ ಇಟ್ಟುಕೊಂಡು ವಿಮಾನ ಮೇಲೇರಿತು. ಐದೇ ನಿಮಿಷಕ್ಕೆ ಸಂಯೋಜಕನ ಫೋನು.

"ಆರುನೂರ ಇಪ್ಪತ್ತು ಕಿಲೋಮೀಟರು, ಒಂದು ಗಂಟೆ. ಹನ್ನೆರಡಕ್ಕೆ ಇಳಿಯುತ್ತೆ ಅಂತ ಡಾಕ್ಟರಿಗೆ ಹೇಳಿದೀನಿ. ಹನ್ನೊಂದೂವರೆಗೆ ಹುಡುಗಿ ಎದೆ ತೆರೀತಾರೆ." ಫೋನು ಇಟ್ಟೇಬಿಟ್ಟ ಪುಣ್ಯಾತ್ಮ.

ಮೈಲಕ್ಕ ಹೇಳಿದ್ದು ಮೈಲಿ, ಅವನು ಹಿಡಿದದ್ದು ಕಿಲೋಮೀಟರು. ವಿಮಾನ ಇಳಿಯುವುದು ಹನ್ನೆರಡೂ ಮೂವತ್ತೈದಕ್ಕೆ! ಹಳೆಯ ಹೃದಯ ತೆಗೆದಿಟ್ಟ ಮೇಲೆ ಹೊಸದು ಇನ್ನೂ ಆಕಾಶದಲ್ಲೇ ಇದ್ದರೆ ಆ ಹುಡುಗಿಯ ಗತಿ ಏನು?

ಮತ್ತೆ ಮತ್ತೆ ಒತ್ತಿದಳು. ಸಂಯೋಜಕನ ಫೋನು ಬಿಜಿ. ಆಸ್ಪತ್ರೆಯ ಮುಖ್ಯ ನಂಬರಿನಲ್ಲಿ ಬರೀ ಸಂಗೀತ. ಆ ಸಂಗೀತಕ್ಕಿಷ್ಟು ಬೆಂಕಿ ಬೀಳ! ಪಕ್ಕದಲ್ಲಿ ಮ್ಯಾನೇಜರು ಪಿಸುಗುಟ್ಟಿದ: "ಅವರೇ ತಪ್ಪಾಗಿ ಕೇಳಿಸ್ಕೊಂಡ್ರು ಅಂದ್ಬಿಡಿ."

"ನೀವು ಸುಮ್ನಿರಿ ಸಾರ್!" ಎಂದು ರೇಗಿದಳು. ಮೇಲಿನವರ ಮೇಲೆ ಅವಳು ದನಿ ಎತ್ತಿದ್ದು ಅದೇ ಮೊದಲು.

ಹನ್ನೊಂದೂ ಇಪ್ಪತ್ತಾರಕ್ಕೆ ಒಬ್ಬ ನರ್ಸು ಸಿಕ್ಕಳು.

"ಓಡಮ್ಮಾ! ಹೃದಯ ತರೋ ವಿಮಾನ ಬರೋದು ಮೂವತ್ತೈದು ನಿಮಿಷ ತಡ. ಎದೆ ತೆರೀಬೇಡಿ ಅನ್ನು, ಓಡು!"

ಚಪ್ಪಲಿಯ ಸದ್ದು ದೂರವಾಯಿತು. ನರ್ಸು ಫೋನು ಇಡದೆಯೇ ಓಡಿದ್ದಳು. ಮೈಲಕ್ಕ ಗಡಿಯಾರ ನೋಡುತ್ತ ಕೂತಳು. ನಾಲ್ಕು ನಿಮಿಷ ಕಳೆದ ಮೇಲೆ ಏದುಸಿರಿನ ದನಿ: "ನಿಲ್ಸಿದ್ರು. ಚಾಕು ಕೈಯಲ್ಲಿತ್ತು."

ಸಂಜೆ ಮತ್ತೆ ಆಸ್ಪತ್ರೆಯಿಂದ ಫೋನು ಬಂತು. ಈ ಸಲ ಹುಡುಗಿಯ ತಾಯಿ.

"ಹೊಸ ಹೃದಯ ಬಡೀತಿದೆಯಂತೆ ಅಕ್ಕಾ. ನೀವು ಫೋನ್ ಮಾಡದಿದ್ರೆ ಮಗು ನಮಗೆ ಸಿಕ್ತಿರ್ಲಿಲ್ಲ ಅಂದ್ರು ಡಾಕ್ಟ್ರು. ನಿಮ್ಮ ಋಣ ಹೇಗೆ ತೀರಿಸ್ಲಿ?"

ಮೈಲಕ್ಕ ಅವಳನ್ನು ತಡೆದಳು.

"ಋಣ ಅನ್ಬೇಡಮ್ಮಾ. ಬೆಳಿಗ್ಗೆ ದೂರ ಅರ್ಧಂಬರ್ಧ ಹೇಳಿದ್ದೂ ನಾನೇ. ಈ ಗಂಡಾಂತರ ತಂದಿಟ್ಟಿದ್ದೇ ನಾನು."

ಬೈಗುಳ ಬರಲಿ ಎಂದು ಮೈಲಕ್ಕ ಕಣ್ಣು ಮುಚ್ಚಿ ಕಾದಳು.

"ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ ಅಕ್ಕಾ?" ಎಂದು ಕೇಳಿದಳು ಆ ತಾಯಿ.